ಹಸಿ ಗೋಡೆಯ ನಾಯಿಮನೆ

ಆ ನಾಯಿ ಮಸ್ಕಿಯ ನಮ್ಮ ಮನೆಗೆ ಬಂದದ್ದು ಎರಡು ವಾರದ ಮಾತಿನ ಮೇಲೆ. ನಾನು ಗೋಡೆ ಕಟ್ಟುವ ಗೌಂಡಿ. ಸಿಂಧನೂರಿನ ಒಂದು ಶಾಲೆಯ ಕಾಂಪೌಂಡಿಗೆ ಗಿಲಾವು ಮಾಡುತ್ತಿದ್ದಾಗ ಅಲ್ಲಿನ ಟೀಚರು ಕಂದು ಬಣ್ಣದ ಹೆಣ್ಣು ನಾಯಿಯೊಂದನ್ನು ಕಾಲುವೆ ದಂಡೆಯಿಂದ ಎತ್ತಿ ತಂದರು. ಬೀದಿಯಲ್ಲಿ ಬಿದ್ದವನ್ನು ಸುಧಾರಿಸಿ, ಒಳ್ಳೆಯ ಮನೆ ನೋಡಿ ಕೊಡುವುದು ಆಕೆಯ ರೂಢಿ. ಆಕೆಯ ಬಾಡಿಗೆ ಖೋಲಿಯಲ್ಲಿ ಆಗಲೇ ಎರಡು ನಾಯಿಗಳಿದ್ದವು.

“ಗೌಂಡೇರ, ಎರಡು ವಾರ ಇಟ್ಕೊಳ್ರಿ. ಹಟ್ಟಿ ಗಣಿ ಕ್ವಾರ್ಟರ್ಸಿನವರು ಒಬ್ರು ಒಯ್ತೀವಿ ಅಂದಾರ.”

ಒಪ್ಪಿದೆ. ಮನೆಯಲ್ಲಿ ಹೆಂಡತಿ ಮೊದಲೇ ಹೇಳಿಬಿಟ್ಟಳು: “ಅಂಗಳದಾಗ ಇರಲಿ. ಹೊಸ್ತಿಲ ದಾಟಿದ್ರ ಇಬ್ರನ್ನೂ ಹೊರಗ ಹಾಕ್ತೀನಿ ನೋಡ್ರಿ.”

ನಾಯಿ ಊಟಕ್ಕಿಂತ ನೀರನ್ನೇ ಹೆಚ್ಚು ಕೇಳುತ್ತಿತ್ತು. ಇಟ್ಟಂಗಿ ನೆನೆಹಾಕುವ ಬಕೆಟ್ಟಿಗೆ ಬಾಯಿ ಇಟ್ಟರೆ ತಲೆ ಎತ್ತುತ್ತಿರಲಿಲ್ಲ. ನಮ್ಮ ಕಡೆಯ ಬಿಸಿಲಿಗೆ ಯಾರು ಕುಡಿಯುವುದಿಲ್ಲ ಎಂದುಕೊಂಡೆ. ಆಮೇಲೆ ತಿಂದದ್ದನ್ನೆಲ್ಲ ಕಕ್ಕತೊಡಗಿತು. ಟೀಚರನ್ನು ಕರೆಸಿ, ಇಬ್ಬರೂ ಕೂಡಿ ಅದನ್ನು ಲಿಂಗಸುಗೂರಿನ ದನದ ದವಾಖಾನೆಗೆ ಒಯ್ದೆವು. ರಕ್ತ ಪರೀಕ್ಷೆ ಆಯಿತು.

“ಎರಡೂ ಕಿಡ್ನಿ ಹೋಗ್ಯಾವ,” ಎಂದರು ಡಾಕ್ಟರು. “ಔಷಧಕ್ಕ ಸ್ವಲ್ಪ ಹಗುರ ಆಗಬೌದು, ವಾಸಿ ಆಗಂಗಿಲ್ಲ. ಒಂದು ತಿಂಗಳು ಉಳಿದ್ರ ದೊಡ್ಡದು. ನೋವು ತಡೀಲಿಲ್ಲ ಅಂದ್ರ ಫೋನ್ ಮಾಡ್ರಿ, ಇಂಜೆಕ್ಷನ್ ಕೊಟ್ಟು ಕಾಯಂ ಮಲಗಿಸೋಣು.”

ದವಾಖಾನೆಯ ಕಟ್ಟೆಯ ಮೇಲೆ ಕುಳಿತೇ ಟೀಚರು ಹಟ್ಟಿಗೆ ಫೋನ್ ಹಚ್ಚಿದರು. ಆ ಮನುಷ್ಯ ಕೆಟ್ಟವನಲ್ಲ. “ತಪ್ಪು ತಿಳೀಬ್ಯಾಡ್ರಿ ಮೇಡಂ, ಮನ್ಯಾಗ ಸಣ್ಣ ಹುಡುಗ್ರು ಅದಾವ. ಸಾಯೋ ನಾಯಿ ತಂದು ಅವುಕ್ಕ ಏನಂತ ಹೇಳ್ಲಿ?” ಎಂದನಂತೆ.

ಟೀಚರು ಕಣ್ಣೊರೆಸಿಕೊಂಡರು. “ಇಂಥಾದ್ದನ್ನ ಇನ್ನ ಯಾರೂ ಒಯ್ಯಂಗಿಲ್ರಿ. ನಾನೇ ಹೆಂಗರ ಮಾಡಿ ಖೋಲಿಗೆ ಒಯ್ತೀನಿ.”

“ಎಲ್ಲಿಗೂ ಒಯ್ಯೂದು ಬ್ಯಾಡ. ಇನ್ನ ಇದು ನಮ್ಮ ನಾಯಿ,” ಎಂದೆ. “ಅರ್ಧಕ್ಕ ಬಿಟ್ಟ ಗ್ವಾಡಿ ನಂದು ಯಾವ ಊರಾಗೂ ಇಲ್ಲ.”

ಇದನ್ನು ಮನೆಗೆ ಬಂದು ಹೇಳಿದರೆ ಹೆಂಡತಿ ರೊಟ್ಟಿ ಬಡಿಯುತ್ತಲೇ ಕೇಳಿದಳು, “ಐದನೇತ್ತಕ್ಕ ಸಾಲಿ ಬಿಟ್ರಲ್ಲ, ಅದು ಯಾವ ಊರಾಗ?”

ಆದರೂ ಆ ರೊಟ್ಟಿಯನ್ನು ಬಿಸಿನೀರಿನಲ್ಲಿ ಕಿವುಚಿ ಅಂಗಳಕ್ಕೆ ಒಯ್ದವಳು ಅವಳೇ. ಉಪ್ಪು ಕೂಡದು ಎಂದಿದ್ದರು ಡಾಕ್ಟರು; ನಾವು ಜೋಳದ ರೊಟ್ಟಿಗೆ ಮೊದಲೇ ಉಪ್ಪು ಹಾಕುವವರಲ್ಲ. ನಾಯಿ ಎರಡು ತುತ್ತು ತಿಂದು, ಎರಡನ್ನೂ ಕಕ್ಕಿತು.

ನಮ್ಮದು ಎಂದಮೇಲೆ ಅದಕ್ಕೊಂದು ಜಾಗ ಬೇಕಲ್ಲ. ಅಂಗಳದ ಮೂಲೆಯಲ್ಲಿ ಮನೆ ಕಟ್ಟಲು ಇಳಿದೆ. ಪಾಯ ತೆಗೆದೆ. ಗೋಡೆ ನೆಟ್ಟಗಿದೆಯೇ ಎಂದು ಓಳಂಬಿ ಬಿಟ್ಟು ನೋಡಿ ಇಟ್ಟಂಗಿ ಇಟ್ಟೆ. ಬಾಗಿಲಿಗೆ ಅಂಗೈಯಗಲ ಸಜ್ಜಾ ಬಿಟ್ಟೆ. ಮೇಲೆ ಕಬ್ಬಿಣ ಕಟ್ಟಿ ಸ್ಲ್ಯಾಬ್ ಹಾಕಿದೆ.

“ನಾಕು ತಗಡಿನ ಪತ್ರಾಸ ನಿಂದರಿಸಿದ್ರ ಸಾಕಾಗಿತ್ತು,” ಎಂದಳು ಹೆಂಡತಿ.

“ಪತ್ರಾಸ ಬಿಸಿಲಿಗೆ ಹಂಚಿನಂಗ ಕಾಯ್ತಾವ. ಬ್ಯಾನಿ ಬಿದ್ದ ಜೀವ ಅದರಾಗ ಹೆಂಗ ಮಲಗಬೇಕು?”

“ಅಲ್ರೀ, ಅದಕ್ಕ ಉಳಿದಿರೋದ ಒಂದು ತಿಂಗಳು. ನಿಮ್ಮ ಸಿಮೆಂಟು ಒಣಗೂದು ಯಾವಾಗ?”

ಸಿಮೆಂಟು ಮೆತ್ತುವ ಥಾಪಿಯನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆದೆ. ಕಟ್ಟಿದ್ದಕ್ಕೆ ನೀರು ಹೊಡೆಯಬೇಕು, ಸ್ಲ್ಯಾಬಿನ ಕೆಳಗಿನ ಹಲಗೆಗಳನ್ನು ಅವಸರದಿಂದ ಬಿಚ್ಚುವಂತಿಲ್ಲ. ಈ ಲೆಕ್ಕ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನಾಯಿಗೆ ಉಳಿದ ದಿನಗಳನ್ನು ಒಯ್ದು ಸಿಮೆಂಟಿಗೆ ಕೊಟ್ಟಿದ್ದೆ. ಬೆಳಿಗ್ಗೆ ಸಂಜೆ ನೀರು ಹೊಡೆಯುವಾಗ ನಾಯಿ ತೂರಾಡುತ್ತ ಬಂದು ಗೋಡೆಯಿಂದ ಇಳಿಯುವ ನೀರಿಗೆ ನಾಲಿಗೆ ಚಾಚುತ್ತಿತ್ತು. ಸಿಮೆಂಟಿನ ನೀರು ಬಾಯಿ ಸುಟ್ಟೀತೆಂದು, ಅದರ ಮನೆಯಿಂದಲೇ ಅದನ್ನು ಓಡಿಸುತ್ತಿದ್ದೆ.

ಒಂದು ಮಧ್ಯಾಹ್ನ ಕೆಲಸದಿಂದ ಬಂದಾಗ ನಾಯಿ ಅಂಗಳದಲ್ಲಿರಲಿಲ್ಲ. ಹೊಸ್ತಿಲ ಒಳಗೆ ಗೋಣಿಚೀಲದ ಮೇಲೆ ಮಲಗಿತ್ತು.

“ಹೊರಗ ಹಾಕ್ತೀನಿ ಅಂದಿದ್ದಿ?”

“ಒಬ್ರನ್ನರ ಹಾಕಬೇಕಂದ್ರ ನಿಮ್ಮನ್ನ ಹಾಕ್ತೀನಿ. ಕಾಲ ತೊಳಕೊಂಡು ಬರ್ರಿ.”

ಹಲಗೆ ಬಿಚ್ಚಿದ ಬೆಳಿಗ್ಗೆ ನಾಯಿಯನ್ನು ಎತ್ತಿ ಒಯ್ದು ಅದರ ಮನೆಯ ಮುಂದೆ ಇಳಿಸಿದೆ. ಎಲುಬಿನ ಭಾರವಷ್ಟೇ ಉಳಿದಿತ್ತು. ಬಾಗಿಲನ್ನು ಮೂಸಿ, ತಲೆಯನ್ನಷ್ಟೇ ಒಳಗೆ ಹಾಕಿ ನಿಂತಿತು. ಆಮೇಲೆ ಹಿಂಗಾಲು ಎಳೆಯುತ್ತ ನಮ್ಮ ಹೊಸ್ತಿಲವರೆಗೆ ಬಂತು. ದಾಟಲಾಗಲಿಲ್ಲ. ಹೆಂಡತಿಯೇ ಎತ್ತಿ ಒಳಗಿಟ್ಟಳು.

ಇವತ್ತು ನಾಯಿ ಬೆಳಗಿನಿಂದ ನರಳುತ್ತಿದೆ. ಡಾಕ್ಟರಿಗೆ ಫೋನ್ ಮಾಡಿದೆ. ನಾಳೆ ಇಂಜೆಕ್ಷನ್ ತೆಗೆದುಕೊಂಡು ಬರುತ್ತಾರೆ. ಟೀಚರೂ ಬರುತ್ತೇನೆ ಎಂದಿದ್ದಾರೆ. ಸಂಜೆ ಕೈ ತಾನಾಗಿ ಬಕೆಟ್ ಹಿಡಿಯಿತು. ನಾಯಿಮನೆಗೆ ನೀರು ಹೊಡೆದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

ಬಕೆಟ್ಟಿನಲ್ಲಿ ಹೊಸ ನೀರು ತುಂಬಿ ಗೋಣಿಚೀಲದ ಪಕ್ಕಕ್ಕೆ ತಂದಿಟ್ಟೆ. ನಾಯಿ ನೋಡಿತು. ತಲೆ ಎತ್ತಲಿಲ್ಲ.