ಅಕ್ಕೋರ ಡಬ್ಬಿ

ಮೊನ್ನೆ ಅಡುಗೆಮನೆಯ ಮೇಲಿನ ಹಲಗೆಯಿಂದ ಸ್ಟೀಲಿನ ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದೆ. ಎಷ್ಟು ತೊಳೆದರೂ ಶೇಂಗಾ ಹಿಂಡಿಯ, ಅದೇ ಚಟ್ನಿಪುಡಿಯ, ಬೆಳ್ಳುಳ್ಳಿ ವಾಸನೆ ಹೋಗಿರಲಿಲ್ಲ. ಅದು ನಮ್ಮ ಡಬ್ಬಿಯಲ್ಲ. ಪಕ್ಕದ ಮನೆಯ ಅಕ್ಕೋರದು…

ಅವರು ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಓಣಿಯವರೆಲ್ಲ ಅಕ್ಕೋರು ಎಂದೇ ಕರೆಯುತ್ತಿದ್ದೆವು. ನಮ್ಮಲ್ಲಿ ತಿನ್ನಲು ಏನಾದರೂ ಹಾಕಿ ಕಳಿಸಿದ ಡಬ್ಬಿಯನ್ನು ಖಾಲಿ ಮರಳಿಸುವ ರೂಢಿಯಿಲ್ಲ; ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ಅಕ್ಕೋರು ಆ ರೂಢಿಯನ್ನು ಕಂಪ್ಯೂಟರಿಗೂ ಒಯ್ದಿದ್ದರು.

ಮಸೂತಿ ಎಂಬ ಹಳ್ಳಿಯ ತವರಿನಲ್ಲಿ ಅವರಿಗೊಬ್ಬ ತಂಗಿ, ಕಣ್ಣು ಕಾಣುವುದಿಲ್ಲ. ಫೋನಿಗೆ ಬಂದ ಮೆಸೇಜನ್ನು ಓದಿ ಹೇಳುವ ಆಪ್‌ಗಳು ನಮ್ಮ ಕಡೆಯ ಮಾತು ಬಂದೊಡನೆ ಮುಗ್ಗರಿಸುತ್ತಿದ್ದವು. ಅಕ್ಕೋರು ರಜೆಗಳನ್ನೆಲ್ಲ ಸುರಿದು ತಾವೇ ಒಂದನ್ನು ಬರೆದರು. ಯಾರು ಬೇಕಾದರೂ ಬಳಸಲಿ, ತಿದ್ದಲಿ. ಆದರೆ ತಿದ್ದಿ ಹಂಚುವವರು ಆ ತಿದ್ದಿದ ಕೋಡನ್ನೂ, ಎಂದರೆ ಆಪ್‌ನ ಮೂಲ ಬರಹವನ್ನೂ, ಎಲ್ಲರಿಗೂ ತೆರೆದಿಡಬೇಕು. ಲೈಸೆನ್ಸಿನಲ್ಲಿ ಅವರಿಟ್ಟ ಷರತ್ತು ಇದು.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಇಂಥದ್ದರಲ್ಲಿ ಸುಮ್ಮನೆ ಕೂರುವ ಆಸಾಮಿಯಲ್ಲ.

“ಷರತ್ತು ಹಾಕಿದ್ರ ಕಂಪನಿಯವ್ರು ಮುಟ್ಟೂದಿಲ್ರಿ ಅಕ್ಕೋರ. ‘ನನ್ನ ಹೆಸರು ಉಳಿಸ್ರಿ, ಮಿಕ್ಕಿದ್ದು ನಿಮ್ಮಿಷ್ಟ’ ಅಂತ ಬಿಟ್ಟುಬಿಡ್ರಿ. ಭಾಳ ಮಂದಿಗೆ ಮುಟ್ಟತೈತಿ.”

“ಡಬ್ಬಿ ತಗೊಂಡವ್ರು ತಿರುಗಿ ಕೊಡಬ್ಯಾಡೇನೋ ತಮ್ಮಾ?” ಎಂದು ಅವರು ನಕ್ಕರು.

ಕಟ್ಟೆಯ ಮೇಲೆ ಎಷ್ಟೋ ಸಂಜೆ ಇದೇ ವಾದ. ನನಗೋ ಗೆಲ್ಲುವ ಚಪಲ. ಕೊನೆಗೆ “ಕಲತಾಂವ ನೀನು, ನೀ ಹೇಳಿದಂಗ ಆಗ್ಲಿ” ಎಂದರು. ಹೊಸ ಲೈಸೆನ್ಸನ್ನು ನಾನೇ ಆರಿಸಿ ಹಾಕಿಕೊಟ್ಟೆ. ಆ ಸಂಜೆ ಎದೆಯುಬ್ಬಿಸಿಕೊಂಡು ಮನೆಗೆ ಬಂದದ್ದನ್ನು ನೆನೆದರೆ ಈಗಲೂ ನಾಚಿಕೆಯಿಂದ ಮುಖ ಸುಡುತ್ತದೆ.

ನಾನು ಹೇಳಿದಂತೆ ಒಂದು ಕಂಪನಿ ಅದನ್ನು ಎತ್ತಿಕೊಂಡಿತು. ಉಚ್ಚಾರ ತಿದ್ದಿತು, ಹೊಸ ಫೋನುಗಳಿಗೆ ಹೊಂದಿಸಿತು, ಕೋಡಿಗೆ ಬೀಗ ಹಾಕಿ ಮಾರಾಟಕ್ಕಿಟ್ಟಿತು. ಅಷ್ಟರಲ್ಲಿ ತಂಗಿಯ ಹಳೆಯ ಫೋನು ಕೆಟ್ಟಿತು. ಹೊಸದರಲ್ಲಿ ಅಕ್ಕೋರ ಆಪ್ ತೆರೆಯಲೇ ಇಲ್ಲ. ತನ್ನ ಮನೆಮಾತಿನ ಮೆಸೇಜನ್ನೂ ಆಕೆ ಮತ್ತೆ ಮಂದಿಯಿಂದ ಓದಿಸಿಕೊಳ್ಳಬೇಕಾಯಿತು. ಅಕ್ಕೋರಿಗೆ ಆಗಲೇ ಕಾಯಿಲೆ, ಕೂತು ಬರೆಯುವ ತ್ರಾಣವಿರಲಿಲ್ಲ. ತಿದ್ದಿದ ಕೋಡನ್ನು ಕೊಡಿ ಎಂದು ಕಂಪನಿಯನ್ನು ಕೇಳಿದರು. ಲೈಸೆನ್ಸಿನ ಪ್ರಕಾರ ಕೊಡಬೇಕಾಗಿಲ್ಲ ಎಂದು ಉತ್ತರ ಬಂತು. ಅದು ನಿಜವೇ ಆಗಿತ್ತು. ಕಂಪನಿಯ ಆಪ್‌ನ ಕೊನೆಯ ಪುಟದಲ್ಲಿ, ಸಣ್ಣಕ್ಷರದಲ್ಲಿ, ಅಕ್ಕೋರ ಹೆಸರೂ ಇತ್ತು.

ಕಂಪನಿಯದನ್ನೇ ಕೊಂಡು ಕೊಡುತ್ತೇನೆ ಎಂದೆ.

“ನಾ ಬರದದ್ದನ್ನ ನಾನ ಕೊಳ್ಳಲೇನೋ?” ಎಂದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹಾಗಾದರೆ ನಿಮ್ಮದನ್ನೇ ನಾನು ಸರಿಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಮರುದಿನ ಈ ಡಬ್ಬಿಯ ತುಂಬ ಹಿಂಡಿ ಬಂತು. ಕೆಲಸ ಮುಗಿದ ಮೇಲೆ, ಆ ಸುದ್ದಿಯ ಜೊತೆಗೇ ಡಬ್ಬಿ ಮರಳಿಸೋಣವೆಂದು ಇಟ್ಟುಕೊಂಡೆ. ಪರೀಕ್ಷೆ, ಮೌಲ್ಯಮಾಪನ, ಮತ್ತೆ ಪರೀಕ್ಷೆ… ಅಷ್ಟರಲ್ಲಿ ಅವರು ಹೋಗಿಬಿಟ್ಟರು. ಮಣ್ಣು ಕೊಡಲು ಬಂದಿದ್ದ ತಂಗಿ ನನ್ನ ದನಿ ಗುರುತಿಸಿ, “ಅಕ್ಕನ ಆಪ್ ನೀವು ಸರಿಮಾಡಾಕತ್ತೀರಂತಲ್ರಿ?” ಎಂದಳು. ಹೌದ್ರಿ ಎಂದೆ. ಆಗಿನ್ನೂ ಆ ಕೋಡನ್ನು ತೆರೆದೂ ನೋಡಿರಲಿಲ್ಲ.

ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಡಬ್ಬಿಯನ್ನು ತಿರುವಿ ನೋಡಿದೆ. ತಳದಲ್ಲಿ ಕೊರೆಸಿದ ಅಕ್ಕೋರ ಹೆಸರು ಒಂದಕ್ಷರವೂ ಅಳಿಸದೆ ಉಳಿದಿದೆ. ಹೆಸರನ್ನಷ್ಟೇ ನಾನೂ ಉಳಿಸಿಕೊಂಡಿದ್ದೇನೆ; ಡಬ್ಬಿ ಮರಳಿಸಲಿಲ್ಲ, ಆಪ್ ಇನ್ನೂ ಸರಿಮಾಡಿಲ್ಲ. ಆ ಕಂಪನಿಯನ್ನು ಬಯ್ಯಲು ನನಗೆ ಬಾಯಿಲ್ಲ.