ದಿಲ್ಲಿ ಹಾಲು ಕೊಟ್ಟ ದಿನ

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ನಾನೂ ನನ್ನ ದೊಡ್ಡವ್ವನ ಮಗಳೂ ಸೇರಿ ಒಂದು ಯಂತ್ರ ಮಾಡಿದೆವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸಿಂದಗಿಯ ನಮ್ಮ ಮನೆಗೆ ಕರೆಂಟು ಬಂದು ಬಹಳ ಕಾಲವೇನೂ ಆಗಿರಲಿಲ್ಲ. ಗುಂಡಿ ಒತ್ತಿದರೆ ದೀಪ ಹತ್ತುವುದೇ ನಮಗಿನ್ನೂ ಸೋಜಿಗ. ಅಂಥದರಲ್ಲಿ ಸರಿಯುತ್ತರಕ್ಕೆ ಮಾತ್ರ ಹತ್ತುವ ದೀಪವನ್ನೂ ಮಾಡಬಹುದು ಎಂದು ವಿಜ್ಞಾನದ ಮಾಸ್ತರು ಹೇಳಿದ ದಿನ ನಮಗಿಬ್ಬರಿಗೂ ರೊಟ್ಟಿ ಸೇರಲಿಲ್ಲ.

ಚಹಾಪುಡಿ ಬರುತ್ತಿದ್ದ ಪೆಟ್ಟಿಗೆಯ ಹಲಗೆಯೊಂದನ್ನು ಕಿರಾಣಿ ಅಂಗಡಿಯಿಂದ ತಂದೆವು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಒಂದೊಂದರ ಪಕ್ಕದಲ್ಲಿ ಒಂದೊಂದು ಮೊಳೆ. ಹಲಗೆಯ ಹಿಂದೆ, ಪ್ರಶ್ನೆಯ ಮೊಳೆಯಿಂದ ಅದರ ಸರಿಯುತ್ತರದ ಮೊಳೆಗೆ ಒಂದು ತಂತಿ. ಮುಂದುಗಡೆ ಸೆಲ್ಲಿಗೂ ಪುಟ್ಟ ಬಲ್ಬಿಗೂ ಜೋಡಿಸಿದ ಎರಡು ಉದ್ದ ತಂತಿಗಳು. ಒಂದರ ತುದಿಯನ್ನು ಪ್ರಶ್ನೆಗೆ, ಇನ್ನೊಂದರದನ್ನು ಉತ್ತರಕ್ಕೆ ಮುಟ್ಟಿಸಬೇಕು. ಸರಿಯಿದ್ದರೆ ಬಲ್ಬು ಹತ್ತುತ್ತದೆ, ತಪ್ಪಿದ್ದರೆ ಇಲ್ಲ. ಅಕ್ಷರ ಬರೆದವಳು ದೊಡ್ಡವ್ವನ ಮಗಳು. ನನಗಿಂತ ತುಸುವೇ ದೊಡ್ಡವಳಾದರೂ ಅಕ್ಕ ಎಂದು ಕರೆಸಿಕೊಳ್ಳುವುದರಲ್ಲಿ ಬಲು ಗಟ್ಟಿ. ತಂತಿ ಸುತ್ತಿದವಳು ನಾನು. ಸುಟ್ಟುಹೋದ ಮೋಟಾರಿನ ತಂತಿಯ ತುದಿಗಳನ್ನು ಬ್ಲೇಡಿನಿಂದ ಹೆರೆದು ಹೆರೆದು ಬೆರಳೆಲ್ಲ ಗೀರಾಗಿದ್ದವು. ಕೊನೆಗೆ ಬೆನ್ನಿಗೊಂದು ರಟ್ಟು ಹೊಡೆದು ಮುಚ್ಚಿದೆವು.

ಸಾಲೆಗಳ ವಿಜ್ಞಾನ ಸ್ಪರ್ಧೆ ಇದ್ದದ್ದು ಮುದ್ದೇಬಿಹಾಳದಲ್ಲಿ. ಬಹುಮಾನ ನಮ್ಮದೇ ಎಂಬುದರಲ್ಲಿ ಓಣಿಯ ಯಾರಿಗೂ ಸಂಶಯವಿರಲಿಲ್ಲ. ನಸುಕಿನ ಬಸ್ಸಿನಲ್ಲಿ ಮಾಸ್ತರು, ಅಕ್ಕ, ನಾನು. ಕಾಲುಗಳ ನಡುವೆ ಸೀರೆಯಲ್ಲಿ ಸುತ್ತಿದ ಹಲಗೆ.

ಪರೀಕ್ಷಕರು ದಪ್ಪ ಕನ್ನಡಕದ ಹಿರಿಯರು. ನಮ್ಮ ಮೇಜಿಗೆ ಬಂದವರು ಭಾರತದ ರಾಜಧಾನಿಗೆ ಒಂದು ತಂತಿ, ದಿಲ್ಲಿಗೆ ಇನ್ನೊಂದು ತಂತಿ ಮುಟ್ಟಿಸಿದರು. ಬಲ್ಬು ಹತ್ತಿತು. "ಭೇಷ್" ಎಂದರು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ತಪ್ಪುತ್ತರಕ್ಕೆ ಏನಾಗುತ್ತದೆ ನೋಡೋಣ ಎಂದು ರಾಜಧಾನಿಯಿಂದ ಎಮ್ಮೆಗೆ ಮುಟ್ಟಿಸಿದರು. ಬಲ್ಬು ಅಷ್ಟೇ ಖುಷಿಯಿಂದ ಹತ್ತಿತು.

ಅವರು ಕನ್ನಡಕ ಸರಿಮಾಡಿಕೊಂಡು, ಹಾಲು ಕೊಡುವ ಪ್ರಾಣಿ ಯಾವುದು ಎಂಬಲ್ಲಿಂದ ದಿಲ್ಲಿಗೆ ಮುಟ್ಟಿಸಿದರು. ಅದಕ್ಕೂ ಹತ್ತಿತು.

"ದಿಲ್ಲಿ ಯಾವಾಗಿಂದ ಹಾಲ ಕೊಡಾಕತ್ತೈತವ್ವಾ?" ಎಂದು ಕೇಳಿದರು. ಸುತ್ತ ನಿಂತವರೆಲ್ಲ ನಕ್ಕರು. ನನ್ನ ಕಿವಿ ಕಾದ ಹಂಚಿನಂತಾಯಿತು. ಮೊದಲ ಬಹುಮಾನ ಗಾಳಿಯಂತ್ರ ಮಾಡಿ ತಂದಿದ್ದ ಬೇರೆ ಊರಿನವರಿಗೆ ಹೋಯಿತು. ನಮ್ಮ ಹೆಸರು ಯಾವ ಬಹುಮಾನಕ್ಕೂ ಬರಲಿಲ್ಲ.

ಬಸ್ಸು ಬದಲಿಸಲು ಬಸವನ ಬಾಗೇವಾಡಿಯಲ್ಲಿ ಇಳಿದೆವು. ಮಾಸ್ತರು ನಮಗೆ ಮಿರ್ಚಿ ಭಜಿ ಕೊಡಿಸಿ, ತಾವು ಚಹಾದ ಬಸಿ ಬಾಯಿಗೆ ಹಿಡಿದವರು ಇದ್ದಕ್ಕಿದ್ದಂತೆ ಪುಸ್ ಎಂದು ನಕ್ಕುಬಿಟ್ಟರು. ಚಹಾ ಅಂಗಿಯ ಮೇಲೆ ಚೆಲ್ಲಿತು.

"ನಗಬಾರದು ಅಂತ ಆವಾಗಿಂದ ತಡಕೊಂಡೇನ್ರವಾ. ಆದ್ರ ಹಾಲ ಕೊಡೂ ದಿಲ್ಲಿ..." ಎಂದು ಮತ್ತೆ ನಗುತ್ತ ಅಂಗಿ ಒರೆಸಿಕೊಂಡರು.

ಅಕ್ಕನಿಗೆ ಅಳು ಬಂತು. ಭಜಿಯ ಖಾರಕ್ಕೆ ಎಂದಳು. ನನಗೆ ನಗು ಬಂತು, ಆದರೂ ಭಜಿಯನ್ನು ಅರ್ಧಕ್ಕೇ ಬಿಟ್ಟೆ.

ಮನೆಗೆ ಬಂದ ಮೇಲೆ ಹಲಗೆಯನ್ನು ಮಂಚದ ಕೆಳಗೆ ತಳ್ಳಿದೆ. ಸಾಲೆಗೆ ಹೋಗುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿದೆ. ಅಕ್ಕನ ದುಃಖದ ರೀತಿ ಬೇರೆ. ಯಾರೂ ಹೇಳದೆಯೇ ಮನೆಯ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ತಂದು ಹಾಕಿಕೊಂಡು ದಬದಬ ಸದ್ದು ಮಾಡುತ್ತ ತಿಕ್ಕಿದಳು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು "ಏನಾತ?" ಎಂದರೆ ಅವ್ವ ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಅಪ್ಪನ ಅವ್ವ, ಅಂದರೆ ನಮ್ಮ ಆಯಿ, ತಾನೇ ಮುಂದೆ ಬಂದು "ದಿಲ್ಲಿ ಹಿಂಡಿದ್ರು ನಮ್ಮ ಹುಡುಗ್ಯಾರು. ಒಳಗ ಬರ್ರಿ, ಹೇಳ್ತೇನಿ" ಎಂದು ಕರೆದು ಕೂಡಿಸಿಕೊಂಡು ಪೂರ್ತಿ ಕತೆ ಹೇಳುತ್ತಿದ್ದಳು. ಹೇಳಿದಷ್ಟೂ ಸಲ ಕತೆಯಲ್ಲಿ ಹಾಲು ಹೆಚ್ಚಾಗುತ್ತಿತ್ತು. ಗೋಡೆಯ ಕಡೆ ಮುಖ ಮಾಡಿಕೊಂಡೇ ನಾನೂ ನಗತೊಡಗಿದೆ.

ಒಂದು ಮಧ್ಯಾಹ್ನ ಆಯಿ, "ಆ ಹಲಗಿ ತಗೀರಿ. ನಾನೂ ನೋಡಬೇಕು" ಎಂದು ಪಟ್ಟು ಹಿಡಿದಳು.

ನಾನು ಒಲ್ಲೆ ಎಂದೆ. ಅಕ್ಕ ಹಲಗೆಯನ್ನು ಹೊರಗೆಳೆದು ಬೆನ್ನಿನ ರಟ್ಟನ್ನು ಕಿತ್ತೇಬಿಟ್ಟಳು. ಇಬ್ಬರೂ ಬಗ್ಗಿ ನೋಡಿದೆವು. ರಾಜಧಾನಿಯ ಮೊಳೆಗೂ ಅದರ ಕೆಳಗಿನ, ಹಾಲು ಕೊಡುವ ಪ್ರಾಣಿಯ ಮೊಳೆಗೂ ನಡುವೆ ಸೇತುವೆಯ ಹಾಗೆ ಒಂದು ತಲೆಪಿನ್ನು ಸಿಕ್ಕಿಕೊಂಡಿತ್ತು. ಕೆಲಸ ಮಾಡುವಾಗ ಯಾರದೋ ತಲೆಯಿಂದ ಜಾರಿ ಬಿದ್ದದ್ದು. ಆ ಪಿನ್ನಿನಿಂದಾಗಿ ದಿಲ್ಲಿಗೂ ಎಮ್ಮೆಗೂ ನೆಂಟಸ್ತನ ಬೆಳೆದಿತ್ತು.

"ನಿಂದು" ಎಂದೆ.

"ನಿಂದಾ!" ಎಂದಳು ಅಕ್ಕ.

ಇಬ್ಬರೂ ಒಂದೇ ಅಂಗಡಿಯ ಪಿನ್ನು ಹಾಕುತ್ತಿದ್ದೆವು. ಯಾರದೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ಆದರೆ ಆ ಕ್ಷಣ ನನ್ನ ಎದೆ ಹಗುರಾದದ್ದು ನೆನಪಿದೆ. ತಂತಿಗಳೆಲ್ಲ ಸರಿಯಾಗಿದ್ದವು. ಪಿನ್ನು ತೆಗೆದ ಕೂಡಲೇ ದಿಲ್ಲಿ ಹಾಲು ಕೊಡುವುದನ್ನು ನಿಲ್ಲಿಸಿತು.

ಆಯಿಗೆ ಅಷ್ಟಕ್ಕೇ ಸಮಾಧಾನವಿಲ್ಲ. "ನನಗ ಓದಾಕ ಬರೂದಿಲ್ಲ. ನಾ ಹ್ಯಾಂಗ ಆಡ್ಲಿ?" ಎಂದಳು. ಹಾಗಾಗಿ ಅಕ್ಕ ಅಕ್ಷರಗಳ ಮೇಲೆ ಕಾಗದ ಅಂಟಿಸಿ ಚಿತ್ರ ಬರೆದಳು. ಎಡಗಡೆ ಜೋಳದ ತೆನೆ, ಎಮ್ಮೆ, ಕುರಿ, ಲಿಂಬೆ. ಬಲಗಡೆ ರೊಟ್ಟಿ, ಹಾಲು, ಕಂಬಳಿ, ಉಪ್ಪಿನಕಾಯಿ. ಆಯಿ ತಂತಿ ಹಿಡಿದು ಮೊದಲು ಮಾಡಿದ್ದೇ ಜೋಳವನ್ನು ಎಮ್ಮೆಗೆ ಮುಟ್ಟಿಸಿದ್ದು. ಬಲ್ಬು ಸುಮ್ಮನಿತ್ತು.

"ಯಾಕ ಹತ್ತವಲ್ದು? ಜ್ವಾಳದ ಕಣಿಕಿ ಎಮ್ಮಿ ತಿನ್ನೂದಿಲ್ಲೇನು?"

ಮಾತು ನಿಜ. ಮುದ್ದೇಬಿಹಾಳದಲ್ಲಿ ತಪ್ಪಿ ಆದದ್ದನ್ನು ಈ ಸಲ ಬೇಕೆಂದೇ ಮಾಡಿ ಜೋಳಕ್ಕೂ ಎಮ್ಮೆಗೂ ತಂತಿ ಎಳೆದೆವು. ಆಗ ಜೋಳಕ್ಕೆ ಹಾಲು ಮುಟ್ಟಿಸಿದರೂ ಬಲ್ಬು ಹತ್ತತೊಡಗಿತು. ನಾವು ಗಾಬರಿಯಾದರೆ ಆಯಿ, "ಬರೋಬರಿ ಐತಿ. ಮೇವು ತಿಂದ್ರನ ಹಾಲು" ಎಂದಳು. ಎಮ್ಮೆಗೆ ರೊಟ್ಟಿ ಮುಟ್ಟಿಸಿದಾಗಲೂ ಹತ್ತಿತು. "ಉಳದ ರೊಟ್ಟಿ ನಾವ ಹಾಕೂದಿಲ್ಲೇನು ಅದಕ್ಕ?" ಎಂದು ಅದನ್ನೂ ಒಪ್ಪಿಕೊಂಡಳು. ಅಂದಿನಿಂದ ಮಧ್ಯಾಹ್ನವಾದರೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ. ಬಲ್ಬು ಹತ್ತದಿದ್ದರೆ ಅವರು ನಮ್ಮೊಡನೆ ಜಗಳವಾಡುತ್ತಿದ್ದರು. ಗೆದ್ದರೆ ನಾವು ಇನ್ನೊಂದು ತಂತಿ ಎಳೆಯುತ್ತಿದ್ದೆವು.

ಮರುವರ್ಷ ಸ್ಪರ್ಧೆ ಇಂಡಿಯಲ್ಲಿ ನಡೆಯಿತು. ಚಿತ್ರದ ಹಲಗೆಯನ್ನೇ ಒಯ್ದೆವು. ಅಂದು ಊರಿನ ಸಂತೆಗೆ ಬಂದಿದ್ದ ಹೆಂಗಸರು ಸ್ಪರ್ಧೆಯ ಕೋಣೆಯೊಳಗೆ ಇಣುಕಿ, ಒಬ್ಬರಿಗೊಬ್ಬರು ಹೇಳಿಕೊಂಡು, ನಮ್ಮ ಮೇಜನ್ನು ಮುತ್ತಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಸೆಲ್ಲುಗಳು ಸೋತು ಬಲ್ಬು ಮಂಕಾಯಿತು. ಫಲಿತಾಂಶ ಹೇಳುವಾಗ ನಾವಿಬ್ಬರೂ ಹೊಸ ಸೆಲ್ಲು ಹುಡುಕುತ್ತ ಬಜಾರಿನಲ್ಲಿ ಅಲೆಯುತ್ತಿದ್ದೆವು. ತಿರುಗಿ ಬಂದಾಗ ಮಾಸ್ತರು ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ಸಣ್ಣದಾಗಿತ್ತು.

"ಈ ಸಲಾನೂ ಬಹುಮಾನ ಬರ್ಲಿಲ್ರವಾ" ಎಂದರು.

"ಇರ್ಲಿ ಬಿಡ್ರಿ ಸರ್, ಸೆಲ್ಲ ಸಿಕ್ಕಾವು" ಎಂದು ಅಕ್ಕ ಅವರನ್ನು ದಾಟಿಕೊಂಡು ಒಳಗೆ ಓಡಿದಳು. ಮೇಜಿನ ಸುತ್ತ ಹೆಂಗಸರು ಇನ್ನೂ ಕಾಯುತ್ತಿದ್ದರು. ಅವರಲ್ಲೊಬ್ಬಳು ಆಗಲೇ ತಂತಿಯ ತುದಿಯನ್ನು ಲಿಂಬೆಯ ಮೇಲಿಟ್ಟುಕೊಂಡು ನಿಂತಿದ್ದಳು.