ತವರಿನ ಬಿತ್ತನೆ ಗೂಡು

ಮದುವೆಯಾಗಿ ಕೋಡಿಹಳ್ಳಿಯಿಂದ ಮಾಗಡಿ ಸೀಮೆಗೆ ಗಾಡಿ ಹತ್ತಿದಾಗ, ಅವ್ವ ನನ್ನ ಮಡಿಲಿಗೆ ಒಂದು ಬುಟ್ಟಿ ರೇಷ್ಮೆಗೂಡು ಇಟ್ಟಳು. ಹುಳು ಸಾಕುವ ನಮ್ಮ ಮನೆಗಳಲ್ಲಿ ಮಗಳ ಜೊತೆ ತವರಿನ ಬೀಜ ಕಳಿಸುವುದು ಪದ್ಧತಿ. ಗೂಡು ಒಡೆದು ಚಿಟ್ಟೆ ಬಂದು, ಮೊಟ್ಟೆಯಿಟ್ಟು, ಹುಳು ಬೆಳೆದರೆ ಮಗಳೂ ಆ ಮನೆಯಲ್ಲಿ ಬೇರೂರಿದಳೆಂದು ಲೆಕ್ಕ.

ಅತ್ತೆ ಬುಟ್ಟಿಯ ಬಟ್ಟೆ ಸರಿಸಿ ನೋಡಿದರು. ಒಂದು ಹಳದಿ, ಒಂದು ಹಸಿರು ಛಾಯೆಯದು, ಒಂದು ಉದ್ದ, ಇನ್ನೊಂದು ಗಿಡ್ಡ.

“ಏನಮ್ಮಿ, ನಿಮ್ಮವ್ವ ಸಂತೆನೇ ಕಟ್ಟಿ ಕಳಿಸವ್ಳಲ್ಲ,” ಎಂದರು. ಮನೆಯವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಅತ್ತೆಯ ಗೂಡುಗಳೋ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದ್ದವು. ಪ್ರತಿ ಬೆಳೆಯಲ್ಲೂ ದಪ್ಪ ಹಳದಿ ಗೂಡನ್ನಷ್ಟೇ ಬೀಜಕ್ಕೆ ಆರಿಸಿ, ಮಿಕ್ಕದ್ದನ್ನು ಕ್ಲೋಸ್‌ಪೇಟೆಯ ನೂಲು ತೆಗೆಯುವ ಸಾಹೇಬರಿಗೆ ಕೊಟ್ಟುಬಿಡುತ್ತಿದ್ದರು. ಹೊರಗಿನ ಬೀಜ ಹೊಸಿಲು ದಾಟಿದ್ದೇ ಇಲ್ಲ. ಸೊಸೆಯರಿಗೂ ಅದೇ ಕಾನೂನು: ಅತ್ತೆಯ ಅಣ್ಣನ ಮಗಳೇ ಆಗಬೇಕು. ಇಬ್ಬರು ಓರಗಿತ್ತಿಯರೂ ಹಾಗೆ ಬಂದವರು. ನನ್ನ ಗಂಡನ ಸರದಿಗೆ ಅಣ್ಣನ ಮೂರನೇ ಮಗಳು ಇನ್ನೂ ಚಿಕ್ಕವಳು, ಅದಕ್ಕೇ ನಾನು.

ನನ್ನ ಹುಳುಗಳ ತಟ್ಟೆಗೆ ಬಾಗಿಲ ಪಕ್ಕದ ಜಾಗ ಸಿಕ್ಕಿತು, ಬಿಸಿಗಾಳಿ ನೇರವಾಗಿ ಬಡಿಯುವ ಜಾಗ. ಅವು ಸತ್ತರೆ ಈ ಮನೆಯಲ್ಲಿ ನನ್ನ ಮಾತಿಗೆ ಎಂದೂ ಬೆಲೆ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ದೇವರಿಗಿಂತ ಹೆಚ್ಚು ಆ ತಟ್ಟೆಗೆ ಕೈ ಮುಗಿದೆ.

ಆ ಬೇಸಿಗೆ ಬೆಂಕಿಯಂಥದ್ದು. ಒದ್ದೆ ಗೋಣಿ ಕಟ್ಟಿದರೂ ಕೋಣೆ ತಣಿಯಲಿಲ್ಲ. ಅತ್ತೆಯ ಹುಳುಗಳು ಒಂದೇ ಥರ ಬೆಳೆದು ಒಂದೇ ಥರ ಸತ್ತವು. ನನ್ನವೂ ಮುಕ್ಕಾಲು ಪಾಲು ಹೋದವು. ಆದರೆ ಸಣ್ಣ ಜಾತಿಯ ಕೆಲವು ಹುಳು ಮಾತ್ರ ಏನೂ ಆಗದ ಹಾಗೆ ಹಿಪ್ಪುನೇರಳೆ ಸೊಪ್ಪು ಮೇಯುತ್ತಲೇ ಇದ್ದವು. ಅವು ಹಸಿರು ಛಾಯೆಯ ಪುಟ್ಟ ಗೂಡು ಕಟ್ಟಿದವು.

ಬೇರೆ ಬೀಜವಿಲ್ಲದೆ ಅತ್ತೆ ಅವನ್ನೇ ಚಿಟ್ಟೆಗೆ ಬಿಟ್ಟರು. ಮುಂದಿನ ಬೆಳೆಗೂ ಸೆಕೆ ಇಳಿದಿರಲಿಲ್ಲ, ಆದರೆ ಈ ಸಲ ಮುಕ್ಕಾಲು ಪಾಲು ಉಳಿದವು. ಬಿಸಿಲು ಯಾವ ಹುಳುವಿಗೂ ಗಟ್ಟಿತನ ಕಲಿಸಿರಲಿಲ್ಲ. ಗಟ್ಟಿಯಾಗಿ ಹುಟ್ಟಿದಂಥವೇ ಬದುಕಿದವು, ಅವುಗಳ ಮಕ್ಕಳಲ್ಲಿ ಹೆಚ್ಚಿನವಕ್ಕೆ ಆ ಗುಣ ಬಂತು. ಇದಕ್ಕೆ ನಿಸರ್ಗದ ಆಯ್ಕೆ ಎಂಬ ದೊಡ್ಡ ಹೆಸರಿದೆಯಂತೆ, ಮೊಮ್ಮಗ ಪಾಠ ಓದುವಾಗ ಕೇಳಿದೆ. ಅಚ್ಚುಕಟ್ಟಾಗಿ ಒಂದೇ ಥರದ್ದನ್ನು ಆರಿಸುತ್ತಾ ಹೋದ ಅತ್ತೆ, ಬಿಸಿಲಿಗೆ ಆರಿಸಲು ಏನನ್ನೂ ಉಳಿಸಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ತಾವೇ ನನ್ನ ತಟ್ಟೆಯನ್ನು ಎತ್ತಿ ಒಳಗೋಡೆಯ ತಂಪಿಗೆ ಇಟ್ಟರು.

ಕೆಲವು ವರ್ಷದ ಮೇಲೆ, ಒಂದು ಸುಗ್ಗಿ ಮುಗಿದಾಗ ಅವರ ಅಣ್ಣ ಬಂದರು. ಮೂರನೇ ಮಗಳು ಈಗ ದೊಡ್ಡವಳಾಗಿದ್ದಳು, ಅವಳನ್ನು ನನ್ನ ಕಿರಿಯ ಮೈದುನನಿಗೆ ಕೊಡುವ ಮಾತಾಡಲು ಬಂದಿದ್ದರು. ಅತ್ತೆ ಎಲೆಗೆ ಸುಣ್ಣ ಸವರುತ್ತಾ ಹೇಳಿದರು:

“ಬ್ಯಾಡ ಕಣಣ್ಣಯ್ಯ. ಮನೆ ಬೀಜಾನೇ ಆರ್ಸಿದ್ದು ಸಾಕು.”

ಆಮೇಲೆ ನನ್ನ ಕಡೆ ತಿರುಗಿದರು. “ಏನಮ್ಮಿ, ನಿಮ್ಮೂರಲ್ಲಿ ನಿನ್ನಂಗೆ ಇನ್ನೊಂದು ಹೆಣ್ಣು ಐತಾ?”

ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದವಳು ಅಲ್ಲೇ ಕೂತು ಅತ್ತುಬಿಟ್ಟೆ.